ಗೇಟಿನಾಚೆಯ ಡ್ಯೂಟಿ

“ಲಾರಿ ಗೇಟು ದಾಟಿದ ಮ್ಯಾಲೇ ಡ್ಯೂಟಿ. ಒಳಗ ಟೈರು ಬಡಿಯೂದಕ್ಕ, ಬ್ರೇಕು ನೋಡೂದಕ್ಕ ಪಗಾರ ಇಲ್ಲ,” ಎಂದು ಸಾವುಕಾರ ಗದ್ದಿಗೆಪ್ಪ ಗುಡುಗಿದ.

ಡ್ರೈವರ್ ಮೌಲಾಸಾಬ ತಲೆಯಾಡಿಸಿದ. ಲಾರಿಯನ್ನು ಗೇಟು ದಾಟಿಸಿ, ಅಲ್ಲೇ ಅಡ್ಡ ನಿಲ್ಲಿಸಿ, ಅದರ ಅಡಿಗೆ ನುಗ್ಗಿದ. ಹಿಂದೆ ಹನ್ನೊಂದು ಲಾರಿ ಸಿಕ್ಕಿಕೊಂಡವು, ಸಾವುಕಾರನ ಕಾರೂ ಸಿಕ್ಕಿಕೊಂಡಿತು.

“ಇದನ್ನ ಒಳಗ ಮಾಡ್ಬೇಕಿತ್ತಲೇ!” ಸಾವುಕಾರ ಕಿರುಚಿದ.

“ಒಳಗ ಡ್ಯೂಟಿ ಇಲ್ಲಲ್ರೀ, ಸಾವ್ಕಾರ್ರ.”

“ಆತು ಮಾರಾಯಾ, ಅದೂ ಡ್ಯೂಟಿನ ಅಂತ ಬರೀತೀನಿ. ಲಾರಿ ತೆಗಿ!”

ಸಾವುಕಾರ ಡ್ಯೂಟಿ ಪುಸ್ತಕ ತರಿಸಿ, ಬ್ರೇಕು ನೋಡುವುದಕ್ಕೆ ಅರ್ಧ ತಾಸು ಡ್ಯೂಟಿ ಎಂದು ಬರೆದ. ಅದೇ ಪುಟದಲ್ಲಿ, ಹೋದ ವಾರ ಘಾಟಿನಲ್ಲಿ ಬ್ರೇಕು ಹಿಡಿಯದೆ ಸತ್ತ ಡ್ರೈವರ್ ಫಕೀರಪ್ಪನ ಹೆಸರಿತ್ತು. ಹೊರಟ ಹೊತ್ತು ಬರೆದಿತ್ತು. ಬಂದ ಹೊತ್ತಿನ ಜಾಗ ಖಾಲಿ.

ಮೌಲಾಸಾಬ ಅಲ್ಲಿ ಎಣ್ಣೆ ಮೆತ್ತಿದ ಬೆರಳಿಟ್ಟ.

“ಇವನ ಅರ್ಧ ತಾಸು ನಿಮಗ ಉಳೀತು, ನೋಡ್ರಿ.”