ಬಾಲಕ್ಕೆ ಕುದುರೆ ಜೋಡಿಸಿದ ಬಾಚಣ್ಣ

ಕುಂದಗಿರಿಯ ಅರಸು ಬೊಪ್ಪದೇವನಿಗೆ ಕುದುರೆ ಹುಚ್ಚು. ಅದೂ ಅಂತಿಂಥ ಹುಚ್ಚಲ್ಲ. ಅರಬ್ಬರ ನಾಡಿನಿಂದ ಕುದುರೆ ಹಡಗು ಹೊರಟಿದೆ ಅಂತ ಸುದ್ದಿ ಬಂದರೆ ಸಾಕು, ಉಣ್ಣುವ ಎಲೆ ಬಿಟ್ಟೆದ್ದು ಲಾಯ ಗುಡಿಸಲು ಆಳುಗಳನ್ನು ಅಟ್ಟುತ್ತಿದ್ದ. ನೆರೆಯ ಅರಸರು ಆ ಕುದುರೆಗಳನ್ನು ತನಗಿಂತ ಮುಂಚೆ ಹಾರಿಸಿಕೊಂಡು ಹೋಗಬಾರದೆಂದು ಒಂದು ಕಟ್ಟಳೆಯನ್ನೂ ಮಾಡಿಬಿಟ್ಟಿದ್ದ. ಕುದುರೆ ಬದುಕಿ ಬಂದರೂ ಪೂರ್ತಿ ಬೆಲೆ, ದಾರಿಯಲ್ಲಿ ಸಮುದ್ರದ ಮೇಲೆ ಸತ್ತರೂ ಪೂರ್ತಿ ಬೆಲೆ. ಸತ್ತ ಗುರುತಿಗೆ ಅದರ ಬಾಲ ತಂದು, ಬಾಲ ಹಿಡಿದು ಆಣೆ ಇಟ್ಟರಾಯಿತು.

ಇಂಥ ಕಟ್ಟಳೆ ಇದ್ದಮೇಲೆ ಕುದುರೆಗಳು ಸಾಯದೆ ಇರುತ್ತವೆಯೇ?

ಬಂದರಿನಲ್ಲಿ ಹಡಗಿನವರಿಂದ ಕುದುರೆ ಕೊಂಡು, ಘಟ್ಟ ಹತ್ತಿಸಿ ಅರಮನೆಗೆ ಮಾರುವವನು ದಲ್ಲಾಳಿ ಕೋಮರಪ್ಪ. ಆ ಸಲ ಮಹಾನವಮಿಗೆ ಮುಂಚೆ ಅವನು ಎಂಟು ಕುದುರೆ, ಹನ್ನೆರಡು ಬಾಲ ತಂದ. ಬಾಲಗಳನ್ನು ಎದೆಗವಚಿಕೊಂಡು, ಹೆತ್ತ ಮಕ್ಕಳನ್ನು ಕಳಕೊಂಡವನ ಹಾಗೆ ಅತ್ತ. ಹನ್ನೆರಡೂ ಬಿರುಗಾಳಿಗೆ ಸಿಕ್ಕಿ ಸತ್ತವು, ಸುಳ್ಳಾದರೆ ತನ್ನನ್ನು ಕಡಲು ನುಂಗಲಿ ಅಂತ ಆಣೆ ಇಟ್ಟ. ಅರಸನ ಕಣ್ಣೂ ಒದ್ದೆಯಾಯಿತು. ಇಪ್ಪತ್ತು ಕುದುರೆಗಳ ಬೆಲೆಯನ್ನೂ ಕೊಡಿಸಿ ಕಳಿಸಿದ.

ಆಸ್ಥಾನದಲ್ಲಿ ಬಾಚಣ್ಣ ಅಂತ ಒಬ್ಬನಿದ್ದ. ಹೆಸರಿಗೆ ಓಲೆ ಓದುವ ಕೆಲಸ, ನಾಲಿಗೆ ಮಾತ್ರ ಸುಮ್ಮನಿರುವ ಜಾತಿಯದಲ್ಲ.

"ಪ್ರಭು, ನವಮಿಯ ಮೆರವಣಿಗೆಯಲ್ಲಿ ಈ ಹನ್ನೆರಡು ಬಾಲಗಳ ಮೇಲೆ ಯಾರನ್ನು ಕೂರಿಸೋದು?" ಅಂದುಬಿಟ್ಟ.

ಸಭೆ ಕಿಸಕ್ಕನೆ ನಕ್ಕಿತು. ಅರಸನಿಗೆ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತು ಹೊಸ ಕುದುರೆ ಮೆರೆಸುತ್ತೇನೆಂದು ನೆರೆರಾಜ್ಯದ ರಾಯಭಾರಿಯ ಮುಂದೆ ಆಗಲೇ ಜಂಬ ಕೊಚ್ಚಿಕೊಂಡಿದ್ದ. ಈಗ ಬೊಕ್ಕಸವೂ ಖಾಲಿ. ಆ ಸಿಟ್ಟೆಲ್ಲ ಬಾಚಣ್ಣನ ಮೇಲೆ ತಿರುಗಿತು.

"ಅಷ್ಟು ಜಾಣನೋ ನೀನು? ಹಾಗಾದರೆ ಈ ಬಾಲಗಳಿಗೆ ಕುದುರೆ ಜೋಡಿಸಿಕೊಂಡು ಬಾ. ಹತ್ತು ದಿನ ಕೊಟ್ಟಿದ್ದೇನೆ, ಒಂದು ಕಾಸು ಕೊಡುವುದಿಲ್ಲ. ಆಗಲಿಲ್ಲವೋ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟು."

ಬಾಚಣ್ಣ ಬಾಲದ ಗಂಟು ಹೊತ್ತು ಮನೆಗೆ ಬಂದ. ಸಂಗತಿ ಕೇಳಿದ ಹೆಂಡತಿ ಹೊನ್ನವ್ವೆ ಪಾತ್ರೆಪಡಗವನ್ನೆಲ್ಲ ಗೋಣಿಗೆ ತುಂಬತೊಡಗಿದಳು. ಹುಟ್ಟಿ ಬೆಳೆದ ಊರು ಬಿಟ್ಟು ಮೂರು ಮಕ್ಕಳೊಂದಿಗೆ ಎಲ್ಲಿಗೆ ಹೋಗುವುದು? ಈ ನಾಲಿಗೆಗೆ ಬೆಂಕಿ ಬೀಳ ಅಂತ ಬಾಚಣ್ಣ ತನ್ನನ್ನೇ ಶಪಿಸಿಕೊಂಡು, ಜಗಲಿಯಲ್ಲಿ ಗಂಟು ಬಿಚ್ಚಿ ಕೂತ.

ಬಾಲಗಳನ್ನು ತಿರುವಿ ತಿರುವಿ ನೋಡಿದ. ಮೂಳೆಯಿಲ್ಲ, ತೊಗಲಿಲ್ಲ, ಬರೀ ಕೂದಲು. ನಾಜೂಕಾಗಿ ಕತ್ತರಿಸಿ ನೂಲು ಸುತ್ತಿದ್ದರು.

"ಇವಳೇ, ಸತ್ತ ಕುದುರೆಯ ಬಾಲ ಹೇಗೆ ತೆಗೀತಾರೆ?"

"ಬುಡಕ್ಕೆ ಒಂದೇಟು ಹಾಕ್ತಾರೆ. ಸತ್ತದ್ದಕ್ಕೇನು ನೋವಾ?"

"ಇಲ್ಲಿ ನೋಡು, ಮದುಮಗನಿಗೆ ಕ್ಷೌರ ಮಾಡಿದ ಹಾಗೆ ಮಾಡಿದ್ದಾನೆ. ಕುದುರೆಯ ಒದೆ ಬೀಳುತ್ತೆ ಅಂತ ಹೆದರಿದವನ ಕೆಲಸ ಇದು."

ಗೋಣಿ ತುಂಬುತ್ತಿದ್ದ ಹೊನ್ನವ್ವೆಯ ಕೈ ಅಲ್ಲಿಗೇ ನಿಂತಿತು. ಕುದುರೆಗಳು ಬದುಕಿವೆ, ಕೋಮರಪ್ಪ ಎಲ್ಲೋ ಬಚ್ಚಿಟ್ಟಿದ್ದಾನೆ. ಆದರೆ ಮೋಟುಬಾಲದ ಕುದುರೆ ಅಪಶಕುನ, ಯಾವ ಅರಸನೂ ಮುಟ್ಟುವುದಿಲ್ಲ. ಕೂದಲು ಬೆಳೆಯುವ ತನಕ ವರ್ಷಗಟ್ಟಲೆ ಅವನೇ ಹುರುಳಿ ಹಾಕಿ ಸಾಕಬೇಕು. ಅದು ಹೊಳೆದದ್ದೇ ಬಾಚಣ್ಣನಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಬೆಳಿಗ್ಗೆಯೇ ಕೋಮರಪ್ಪನ ಮಂಡಿಗೆ ಹೋಗಿ ಗೋಳು ತೋಡಿಕೊಂಡ. ಜೋಯಿಸರು ಏನೋ ಲೆಕ್ಕ ಹಾಕಿದ್ದಾರಂತೆ, ಈ ನವಮಿಗೆ ಮೋಟುಬಾಲದ ಕುದುರೆ ಮಾತ್ರ ಮೆರೆಯಬೇಕಂತೆ, ಬಾಲ ಉದ್ದವಿದ್ದಷ್ಟೂ ಅರಸರ ಆಯುಸ್ಸು ಗಿಡ್ಡವಂತೆ. ಕೇಳಿದಷ್ಟು ಬೆಲೆಯಂತೆ. ಅಂಥ ಕುದುರೆ ತರಲಾಗದಿದ್ದರೆ ತನಗೆ ಗಡೀಪಾರು.

"ಮೋಟುಬಾಲದ ಕುದುರೆ ಎಲ್ಲಾದರೂ ಹುಟ್ಟುತ್ತವೆಯೇ, ದಲ್ಲಾಳಿಗಳೇ?"

ಕೋಮರಪ್ಪನ ಮುಖ ಊರಗಲವಾಯಿತು. ಕಡಲಾಚೆ ಒಂದು ದ್ವೀಪವಿದೆಯಂತೆ, ಅಲ್ಲಿ ಎಲ್ಲ ಕುದುರೆಗಳೂ ಹಾಗೇ ಹುಟ್ಟುತ್ತವಂತೆ. ಬಾಚಣ್ಣನ ಪುಣ್ಯಕ್ಕೆ ಮೊನ್ನೆ ಮೊನ್ನೆ ಹನ್ನೆರಡು ಬಂದಿಳಿದಿವೆಯಂತೆ. ಸರಿಯಾಗಿ ಹನ್ನೆರಡೇ.

ನವಮಿಯ ಮುನ್ನಾದಿನ ಕೋಮರಪ್ಪ ಹೊಡೆದುಕೊಂಡು ಬಂದ ಆ ಹನ್ನೆರಡೂ ಅರಮನೆಯ ಅಂಗಳದಲ್ಲಿ ಸಾಲಾಗಿ ನಿಂತವು. ಬಾಚಣ್ಣ ಗಂಟು ಬಿಚ್ಚಿ, ಒಂದೊಂದರ ಹಿಂದೆಯೂ ಹೋಗಿ ಬಾಲ ಹಿಡಿದು ತೋರಿಸಿದ. ಬಿಳಿಗೆ ಬಿಳಿ, ಕಂದಿಗೆ ಕಂದು. ಕರಿ ಕುದುರೆಯ ಮೋಟಿನಲ್ಲಿ ಒಂದು ಬಿಳಿ ಎಳೆಯಿತ್ತು, ಕರಿ ಬಾಲದಲ್ಲೂ ಅದೇ ಎಳೆ. ಒಂದು ಕುದುರೆ ಝಾಡಿಸಿ ಒದೆಯಿತು. ಬಾಚಣ್ಣ ಪಕ್ಕಕ್ಕೆ ಜಿಗಿದ. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡಿತು.

ಅರಸ ಕೆಂಡವಾದ. ಕೋಮರಪ್ಪನೇನು ಕಡಿಮೆಯೇ? ಸಿಕ್ಕಿಬಿದ್ದೆನೆಂದು ಗೊತ್ತಾದರೂ ಕೈ ಕಟ್ಟಿ ನಿಂತು ಹೇಳಿದ:

"ಕಟ್ಟಳೆ ತಮ್ಮದೇ, ಪ್ರಭು. ಬಾಲಕ್ಕೆ ಬೆಲೆ ಕೊಟ್ಟಿರಿ, ಬಾಲ ತಮ್ಮ ಹತ್ತಿರವೇ ಇದೆ. ಕುದುರೆ ನನ್ನವು. ಕೊಂಡರೆ ಕೊಳ್ಳಿ, ಇಲ್ಲವಾದರೆ ಹೊಡೆದುಕೊಂಡು ಹೋಗುತ್ತೇನೆ."

ಆಡಿದ ಮಾತು ತಪ್ಪಿದವನಲ್ಲ ಅಂತ ಹೆಸರು ಮಾಡಿದ್ದ ಅರಸ ತನ್ನದೇ ಕಟ್ಟಳೆ ಮುರಿಯುವಂತಿರಲಿಲ್ಲ. ಬಾಚಣ್ಣನ ಮುಖ ನೋಡಿದ. ಬಾಚಣ್ಣ ಕುದುರೆಗಳ ಸಾಲಿನತ್ತ ತಿರುಗಿದ. ಈ ಕುದುರೆಗಳು ಹೋದರೆ ಅವುಗಳ ಹಿಂದೆ ತನ್ನ ಸಂಸಾರವೂ ಹೋದಂತೆ.

"ದಲ್ಲಾಳಿಗಳು ಹೇಳೋದು ನ್ಯಾಯವೇ," ಅಂದ. "ಅವರ ಸ್ವತ್ತು ನಮಗ್ಯಾಕೆ? ಅವರ ಕುದುರೆಗಳು ಹನ್ನೆರಡೂ ಸತ್ತವು ಅಂತ ಇದೇ ಸಭೆಯಲ್ಲಿ ಆಣೆ ಇಟ್ಟಿದ್ದಾರೆ. ಕೋಮರಪ್ಪನವರೇ, ಈ ಸಾಲಿನಲ್ಲಿ ಸತ್ತಿರೋದು ಯಾವುದು ನೋಡಿ. ಸಿಕ್ಕಿದಷ್ಟನ್ನೂ ಧಾರಾಳವಾಗಿ ಎಳೆದುಕೊಂಡು ಹೋಗಿ. ಉಸಿರಾಡ್ತಾ ಇರೋದನ್ನು ಮಾತ್ರ ಮುಟ್ಟಬೇಡಿ, ಅವು ನಿಮ್ಮವಲ್ಲ."

ಕೋಮರಪ್ಪ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಹನ್ನೆರಡೂ ಹುರುಳಿ ಮೆಲ್ಲುತ್ತಿದ್ದವು.

ಅರಸ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕೊರಳ ಮುತ್ತಿನ ಸರ ತೆಗೆದು ಬಾಚಣ್ಣನಿಗೆ ಹಾಕಿದ. ದಲ್ಲಾಳಿಗೆ ಬರಿಗೈಲಿ ದಾರಿ ಹಿಡಿಯಲು ಹೇಳಿದ. ಬದುಕಿರುವ ಕುದುರೆಗಳು ಇನ್ನು ಯಾರ ಬಾಯಲ್ಲೂ ಸಾಯದಿರಲಿ ಅಂತ, ಆ ಕಟ್ಟಳೆಯನ್ನು ಅಂದೇ ತೆಗೆದುಹಾಕಿದ.