ದಡದ ಹಗ್ಗ

“ಗುರುಗಳೇ, ದುಡಿಯುವವನು ನಾನೊಬ್ಬ, ಉಣ್ಣುವವರು ನಾಲ್ವರು. ಹೆಂಡತಿ ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿದ್ದಾಳೆ. ಅವಳನ್ನೂ ಕೆಲಸಕ್ಕೆ ಕಳಿಸಲೋ, ಇದ್ದುದರಲ್ಲೇ ತೂಗಿಸಲೋ?”

ಕೇಳಿದವನು ಮಠದ ಶಾಲೆಯಲ್ಲಿ ಪಾಠ ಹೇಳುವ ಪಾಲಾಕ್ಷ. ಅವನಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಕಂಬಕ್ಕೆ ಒರಗಿದ, ಎದ್ದ, ಮತ್ತೆ ಕುಳಿತ. ಗುರುಗಳು ಅವನು ಕೂರುವವರೆಗೆ ಕಾದು ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಬ್ಬ ಮೀನುಗಾರನಿದ್ದ. ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು, ಒಂದು ಹರಿಗೋಲು, ಒಂದು ದೊಡ್ಡ ಬಲೆ. ಆ ಸೀಮೆಯಲ್ಲಿ ಬಲೆ ಬಿಡುವುದಕ್ಕೆ ಇಬ್ಬರು ಬೇಕು. ಒಬ್ಬರು ಬಲೆಯ ಒಂದು ತುದಿಯ ಹಗ್ಗ ಹಿಡಿದು ದಡದಲ್ಲಿ ನಿಲ್ಲುತ್ತಾರೆ. ಇನ್ನೊಬ್ಬರು ಹರಿಗೋಲಿನಲ್ಲಿ ಬಲೆ ಬಿಡುತ್ತ ಹೋಗಿ, ಅರ್ಧ ಸುತ್ತು ಬಂದು ಮತ್ತೆ ದಡ ಸೇರುತ್ತಾರೆ. ಮಕ್ಕಳಾಗುವ ಮುಂಚೆ ಗಂಡ ಹೆಂಡತಿ ಸರದಿಯ ಮೇಲೆ ಹರಿಗೋಲು ಹಾಕುತ್ತಿದ್ದರು. ಆಮೇಲೆ ಹಗ್ಗ ಹೆಂಡತಿಯ ಪಾಲಿಗೆ ಬಂತು. ಕಂಕುಳಲ್ಲಿ ಒಂದು ಕೂಸು, ಕಾಲ ಬಳಿ ಇನ್ನೊಂದು.

ಸಿಕ್ಕ ಮೀನು ಅಂದಂದಿಗೆ ಸರಿಹೋಗುತ್ತಿತ್ತು. ಎಣ್ಣೆ ತಂದರೆ ಬಟ್ಟೆಯಿಲ್ಲ, ಬಟ್ಟೆ ತಂದರೆ ಎಣ್ಣೆಯಿಲ್ಲ. ನಡುಹೊಳೆಯಿಂದ ಮೀನುಗಾರನಿಗೆ ಕಾಣುತ್ತಿದ್ದುದು ಒಂದೇ: ಹೆಂಡತಿ ಸುಮ್ಮನೆ ನಿಂತಿದ್ದಾಳೆ. ಹುಟ್ಟು ಹಾಕುವ ಕೈಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು.

ಏನು ಮಾಡಲಿ ಎಂದು ಒಂದು ದಿನ ಪಕ್ಕದ ಮನೆಯವನನ್ನು ಕೇಳಿದ.

“ಹೆಂಡತಿಯನ್ನು ಗೂಟ ಮಾಡಿ ನಿಲ್ಲಿಸಿದ್ದೀಯಲ್ಲೋ ಮಾರಾಯ,” ಎಂದ ಅವನು. “ನಿಜವಾದ ಗೂಟವನ್ನೇ ಹುಗಿ. ಅದು ಊಟ ಕೇಳುವುದಿಲ್ಲ.”

ಮೀನುಗಾರ ನಕ್ಕ. ಆದರೆ ಮರುದಿನವೇ ದಡದಲ್ಲಿ ಗೂಟ ಹುಗಿದ. ಹಳ್ಳಿಯ ವ್ಯಾಪಾರಿಯ ಬಳಿ ಹೋಗಿ ಹೆಂಡತಿಗೆ ಕಾಳು ಹಸನು ಮಾಡುವ ಕೆಲಸ ಗೊತ್ತು ಮಾಡಿಯೂ ಬಂದ. ಅವಳಿಗೆ ವಿಷಯ ತಿಳಿದದ್ದು ಇಷ್ಟೆಲ್ಲ ಆದ ಮೇಲೆ. ಅವಳು ಗೂಟವನ್ನು ನೋಡಿದಳು, ಮಕ್ಕಳನ್ನು ಕರೆದುಕೊಂಡು ವ್ಯಾಪಾರಿಯ ಮನೆಗೆ ನಡೆದಳು.

ಅವನು ಹಗ್ಗವನ್ನು ಗೂಟಕ್ಕೆ ಬಿಗಿದು ಹೊರಟ. ನಡುಹೊಳೆಯಲ್ಲಿ ಸೆಳೆತ ಜೋರಿತ್ತು. ಅಂಥ ಹೊತ್ತಿನಲ್ಲಿ ಹೆಂಡತಿ ಹಗ್ಗದ ಜಗ್ಗಾಟ ನೋಡಿಕೊಂಡು, ನೀರು ಹೋದ ಕಡೆಗೆ ತಾನೂ ದಡದ ಮೇಲೆ ನಡೆಯುತ್ತಿದ್ದಳು. ದೂರದಿಂದ ಅವನಿಗೆ ಅದು ಕಂಡಿರಲೇ ಇಲ್ಲ. ಗೂಟ ನಡೆಯಲಿಲ್ಲ. ಬಲೆ ನಡುವೆ ಹರಿದು ಎರಡಾಯಿತು.

ಬಲೆ ಸರಿಯಾಗುವವರೆಗೆ ಅವಳು ಕೂಲಿಗೆ ತಂದ ಜೋಳವೇ ಒಲೆ ಏರಿತು. ಕಾಳಿನ ಧೂಳಿಗೆ ಕೂಸಿಗೆ ಕೆಮ್ಮು ಹತ್ತಿತು. ಹೆಂಡತಿ ದುಡಿದದ್ದು ತಪ್ಪು ಎನ್ನಲು ಅವನ ಬಾಯಿಗೆ ಬರಲಿಲ್ಲ, ಉಣ್ಣುತ್ತಿದ್ದುದು ಅದನ್ನೇ. ಸರಿ ಎನ್ನಲೂ ಬರಲಿಲ್ಲ, ಕೆಮ್ಮು ಕೇಳುತ್ತಿತ್ತು. ಕೊನೆಗೆ, ನಾಳೆಯಿಂದ ಹಿಂದಿನಂತೆ ಹಗ್ಗ ಹಿಡಿ ಎಂದ.

ಹೆಂಡತಿ ಬಲೆಯ ಗಂಟು ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. “ನಾಳೆ ಹಗ್ಗ ನೀನು ಹಿಡಿ. ಹರಿಗೋಲು ನಾನು ಒಯ್ತೀನಿ.”

ಮರುದಿನ ಅವನು ದಡದಲ್ಲಿ ನಿಂತ. ಹಗ್ಗ ಅಂಗೈ ಕೊಯ್ಯಿತು. ಕಂಕುಳಲ್ಲಿದ್ದ ಕೂಸು ಅತ್ತಿತು. ದೊಡ್ಡದು ನೀರಿನ ಕಡೆಗೇ ಓಡಿತು. ಅದನ್ನು ಕಾಲಲ್ಲಿ ಅಡ್ಡಗಟ್ಟಿ, ಹಗ್ಗ ಬಿಡದೆ, ಸೆಳೆತದ ಜೊತೆ ನಡೆಯುತ್ತ ಅವನು ಹೊಳೆಯ ಕಡೆ ನೋಡಿದ. ಹೆಂಡತಿ ಹುಟ್ಟು ಹಾಕುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ಅವನು ಮಕ್ಕಳಾದ ಮೇಲೆ ನೋಡಿರಲಿಲ್ಲ.

ಅಂದು ಸಿಕ್ಕ ಮೀನು ಎಂದಿನಷ್ಟೇ. ಅಲ್ಲಿಂದ ಮುಂದೆ ಹಗ್ಗ ಯಾರಿಗೆ, ಹರಿಗೋಲು ಯಾರಿಗೆ ಎಂಬುದು ದಿನಾ ಬೆಳಿಗ್ಗೆ ಅವರಿಬ್ಬರ ನಡುವೆ ತೀರ್ಮಾನವಾಗುತ್ತಿತ್ತು. ಕೆಲವು ದಿನ ಜಗಳವಾಡಿಯೇ.

ಕತೆ ಮುಗಿಯಿತು. ಪಾಲಾಕ್ಷ ಮತ್ತೆ ಎದ್ದು ನಿಂತ.

“ಹಾಗಾದರೆ ನನ್ನ ಹೆಂಡತಿ ಮನೆಯಲ್ಲಿರಬೇಕೋ, ಕೆಲಸಕ್ಕೆ ಹೋಗಬೇಕೋ? ಅದನ್ನು ಹೇಳಿ ಗುರುಗಳೇ.”

“ಮನೆಯಲ್ಲಿ ಕೇಳಬೇಕಾದದ್ದನ್ನು ಮಠಕ್ಕೆ ಯಾಕೆ ತಂದೆ?” ಎಂದರು ಗುರುಗಳು.