ಡಾಕ್ಟರ ಮಾತು ಬರೆಯುವ ಮೈಕು

“ನೀವು ಬಾಯಿ ಬಿಟ್ಟರೆ ಸಾಕು ಸಾರ್, ಒಂದಕ್ಷರ ಬಿಡದೆ ಬರೆಯುತ್ತೆ!” ಎಂದು ಕೊಚ್ಚಿಕೊಂಡ ಧನುಷ್. ಅವನು ಮಾರಲು ತಂದ ಕಂಪ್ಯೂಟರ್, ಪ್ರಿಂಟರ್, ಮೈಕು ಕಡೂರಿನ ಡಾಕ್ಟರ್ ನಂಜುಂಡಾರಾಧ್ಯರ ಮೇಜನ್ನೇ ಆಕ್ರಮಿಸಿದ್ದವು.

ಕ್ಲಿನಿಕ್ಕಿನೊಳಗೆ ಡಾಕ್ಟರೇ ಮಹಾರಾಜರು. ಅಪ್ಪಣೆಯೂ ಹಾಗೇ ಹೊರಟಿತು. “ಹಾಗಾದ್ರೆ ಗೌರಮ್ಮನವರೇ, ನಾಳೆಯಿಂದ ನಿಮಗೆ ರಜಾ. ಶಾಶ್ವತವಾಗಿ.”

ಗೌರಮ್ಮ ಟೈಪ್ ಮಾಡುವುದನ್ನು ಬಿಟ್ಟು ತಲೆಯೆತ್ತಿದಳು. ಇಪ್ಪತ್ತು ವರ್ಷದಿಂದ ಔಷಧಿ ಚೀಟಿ ಟೈಪ್ ಮಾಡಿದ ಹೆಂಗಸು, ಪಾಪ! ಆದರೆ ಅಳುತ್ತಾ ಕೂರುವ ಪೈಕಿ ಅಲ್ಲ.

“ಭೇಷ್! ತಗೊಳ್ಳಿ ಸಾರ್. ಇವತ್ತಿನ ಪೇಷೆಂಟುಗಳಿಗೆ ಅದೇ ಬರೀಲಿ, ನಾನು ಮುಟ್ಟಲ್ಲ. ನೀವು ಮಾತ್ರ ದಿನಾ ಹೇಳೋ ಹಾಗೇ ಹೇಳಬೇಕು.”

“ಇನ್ನು ಹೇಗೆ ಹೇಳ್ತಾರೆ?” ಎಂದರು ಡಾಕ್ಟರು.

ಮೊದಲು ಬಂದದ್ದು ಸಕ್ಕರೆ ಕಾಯಿಲೆಯ ಸಾಕಜ್ಜಿ.

“ಏನಜ್ಜಿ, ಮತ್ತೆ ಹೋಳಿಗೆ ತಿಂದ್ಯಾ? ಹಾಳಾಗ್ಹೋಗು! ಅದೇ ಬರೀರಿ. ಆ ಬಿಳೀದು ಬೇಡ. ಇನ್ನೊಂದು ಇದ್ಯಲ್ಲ, ಅದು, ಎರಡು ಹೊತ್ತು. ಥೂ, ಏನು ಸೆಕೆ, ಫ್ಯಾನ್ ಹಾಕ್ರೀ!”

ಪ್ರಿಂಟರ್ ಚೀಟಿ ಉಗುಳಿತು. ಅಜ್ಜಿ ಅದನ್ನು ಹಿಡಿದು ಪಕ್ಕದ ಮೆಡಿಕಲ್ ಶಾಪಿಗೆ ಹೋದಳು. ಎರಡು ನಿಮಿಷದಲ್ಲಿ ಅಂಗಡಿಯ ಇಸ್ಮಾಯಿಲ್ ಸಾಬರೇ ಚೀಟಿ ಸಮೇತ ಓಡಿಬಂದರು.

“ಸಾರ್, ಹೋಳಿಗೆ ನಮ್ಮಲ್ಲಿಲ್ಲ. ಫ್ಯಾನ್ ಎದುರುಗಡೆ ಅಂಗಡೀಲಿ ಸಿಗುತ್ತೆ. ಅದಿರ್ಲಿ, ಈ ‘ಹಾಳಾಗ್ಹೋಗು’ ಊಟಕ್ಕೆ ಮುಂಚೆನೋ, ಆಮೇಲೋ?”

ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಕಾಯಿಲೆ ಮರೆತು ನಕ್ಕರು. ಡಾಕ್ಟರ ಮುಖ ಕೆಂಪಾಯಿತು. “ಏನಯ್ಯಾ ಧನುಷ್, ನಿನ್ನ ದರಿದ್ರ ಮಿಷನ್ನು ಏನೇನೋ ಬರೆದಿದೆ!”

“ಒಂದಕ್ಷರಾನೂ ಬಿಟ್ಟಿಲ್ಲ ಸಾರ್...”

“ಅವನನ್ನ ಯಾಕೆ ಬೈತೀರಿ?” ಎಂದಳು ಗೌರಮ್ಮ. “ಅದು ನೀವು ಹೇಳಿದ್ದನ್ನೇ ಬರೀತು. ನಾನು ಇಪ್ಪತ್ತು ವರ್ಷದಿಂದ ಹಳೇ ಚೀಟಿ ತೆಗೆದು, ಯಾವ ಮಾತ್ರೆ ಅಂತ ನಿಮ್ಮನ್ನೇ ಕೇಳಿ ಕೇಳಿ ಬರೆದೆ. ನೀವು ಹೇಳಿದ್ದನ್ನೇ ಬರೆದಿದ್ರೆ ಇಷ್ಟೊತ್ತಿಗೆ ಅರ್ಧ ಊರಿನ ತಿಥಿ ಆಗಿರ್ತಿತ್ತು!”

ಡಾಕ್ಟರು ಒಂದು ಗಳಿಗೆ ಗುರಾಯಿಸಿದರು. ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಸೋತೆ ತಾಯೀ! ರಜಾ ಗಿಜಾ ಏನೂ ಇಲ್ಲ. ಲೋ ಧನುಷ್, ಏನೇನು ಬೇಕು ಅಂತ ಇನ್ಮೇಲೆ ಇವರನ್ನೇ ಕೇಳು.”

ಗೌರಮ್ಮ ತಡಮಾಡಲಿಲ್ಲ. “ಅಕ್ಷರ ದೊಡ್ಡದಾಗಿ ಕಾಣೋ ಸ್ಕ್ರೀನು, ಬೆರಳು ನೋಯದ ಕೀಬೋರ್ಡು, ಕರೆಂಟ್ ಹೋದ್ರೆ ಅರ್ಧ ಗಂಟೆ ತಡೆಯೋ ಯುಪಿಎಸ್ಸು.”

“ಮೈಕು ವಾಪಸ್ ಒಯ್ಯಲಾ ಮೇಡಂ?” ಧನುಷ್ ಮೆಲ್ಲಗೆ ಕೇಳಿದ.

“ಇಟ್ಟು ಹೋಗಪ್ಪಾ. ಸಾರ್ ಬೈಗುಳ ಅದು ಬರ್ಕೊಳ್ಳಲಿ, ಔಷಧಿ ನಾನು ಬರೀತೀನಿ.”